ಬೀಗದ ಕೈ ಯಾರ ಹತ್ತಿರ ಇದೆ?

ಪುಟ್ಟಿ,

ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಫೋನ್ ಮಾಡಿದಾಗ ನೀನು ಅತ್ತದ್ದು ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೀಯ. ಮೂವತ್ತೇಳು ವರ್ಷ ವಾರ್ಡಿನಲ್ಲಿ ಸವೆದವಳಿಗೆ ಫೋನಿನ ಆಚೆ ಮೂಗು ಒರೆಸಿಕೊಳ್ಳುವ ಸದ್ದೂ ಕೇಳಿಸುತ್ತದೆ ಮಾರಾಯ್ತಿ. "ದೊಡ್ಡಮ್ಮ, ಹೆರಿಗೆಯಾಗಿ ಹತ್ತು ನಿಮಿಷಕ್ಕೆ ರಕ್ತ ಹೋಗಲಿಕ್ಕೆ ಶುರುವಾಯಿತು. ಆಂಪೂಲ್ ಹಿಡಿದುಕೊಂಡು ನಿಂತೇಬಿಟ್ಟೆ. ಕೈ ನಡುಗಿ ಒಡೆಯಲಿಕ್ಕೇ ಆಗಲಿಲ್ಲ. ಡಾಕ್ಟರು ಎಲ್ಲರ ಎದುರು ಬೈದರು. ನಾನು ಈ ಕೆಲಸಕ್ಕೆ ಲಾಯಕ್ಕಲ್ಲ" ಅಂದೆ. ಬಾಣಂತಿ ಹೇಗಿದ್ದಾಳೆ ಅಂತ ನಾನು ಕೇಳಿದೆ. "ಚೆನ್ನಾಗಿದ್ದಾಳೆ, ಬೆಳಗ್ಗೆ ಕಾಫಿ ಕುಡಿದಳು" ಅಂದೆ. ಸರಿ, ಹಾಗಾದರೆ ನೀನು ಲಾಯಕ್ಕೋ ಅಲ್ಲವೋ ಅನ್ನುವುದಕ್ಕೆ ಅವಸರವೇನಿಲ್ಲ. ಅವತ್ತು ಫೋನಿನಲ್ಲಿ ಹೇಳಲಿಕ್ಕಾಗದ ನಾಲ್ಕು ಮಾತು ಇಲ್ಲಿ ಬರೆಯುತ್ತೇನೆ, ಡ್ಯೂಟಿ ಇಲ್ಲದ ದಿನ ನಿಧಾನವಾಗಿ ಓದು.

ಮೊದಲು ಆ ಕೈ ನಡುಕದ ವಿಷಯ. ಭಯವಾದಾಗ ದೇಹ ಓಡಲಿಕ್ಕೆ ಇಲ್ಲವೇ ಹೊಡೆದಾಡಲಿಕ್ಕೆ ಸಿದ್ಧವಾಗುತ್ತದೆ. ಅಡ್ರಿನಲಿನ್ ಏರಿ ಎದೆ ಬಡಿದುಕೊಳ್ಳುತ್ತದೆ, ರಕ್ತ ತೊಡೆ ತೋಳಿನ ದಪ್ಪ ಸ್ನಾಯುಗಳಿಗೆ ಹೋಗುತ್ತದೆ. ಕ್ಯಾನುಲಾ ಪ್ಯಾಕೆಟ್ ಹರಿಯುವ, ಆಂಪೂಲಿನ ಕತ್ತು ಮುರಿಯುವ ಬೆರಳ ತುದಿಯ ಕೆಲಸ ಆಗ ದೇಹಕ್ಕೆ ಬೇಡವಾದದ್ದು. ಕಣ್ಣು ಒಂದೇ ಕಡೆ ನೆಟ್ಟುಬಿಡುತ್ತದೆ, ಪಕ್ಕದಲ್ಲಿ ನಿಂತವರು ಕರೆದರೂ ಕಿವಿಗೆ ಬೀಳುವುದಿಲ್ಲ. ಇದು ನಿನಗೆ ಒಬ್ಬಳಿಗೆ ಬಂದ ರೋಗವಲ್ಲ. ನಿವೃತ್ತಿಯ ಹಿಂದಿನ ತಿಂಗಳವರೆಗೂ ನನ್ನ ಕೈ ನಡುಗಿದೆ. ಯಾರಾದರೂ ಹಿರಿಯ ಸಿಸ್ಟರ್ "ನನಗೆ ಏನೂ ಅನ್ನಿಸುವುದೇ ಇಲ್ಲ" ಅಂದರೆ ಅವರಿಂದ ಸ್ವಲ್ಪ ದೂರ ಇರು. ಏನೂ ಅನ್ನಿಸದವರು ಬಾಣಂತಿಯ ಮಂಚದ ಕಡೆ ಎರಡನೇ ಸಲ ತಿರುಗಿ ನೋಡುವುದಿಲ್ಲ.

ಹಾಗಾದರೆ ದೊಡ್ಡಮ್ಮನಿಗೆ ಹೇಗೆ ನಿಭಾಯಿಸಲಿಕ್ಕೆ ಬಂತು ಅಂತ ಕೇಳುತ್ತೀಯ. ಒಂದು ಕಥೆ ಹೇಳುತ್ತೇನೆ. ಇದನ್ನು ನಿನ್ನ ಅಮ್ಮನಿಗೂ ನಾನು ಹೇಳಿಲ್ಲ.

ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಒಂದು ತಾಲ್ಲೂಕು ಆಸ್ಪತ್ರೆ, ಹೆಸರು ಬೇಡ. ಮಳೆಗಾಲದ ರಾತ್ರಿ, ಕರೆಂಟಿಲ್ಲ. ಮಗು ಹುಟ್ಟಿತು, ಮಾಸೂ ಬಿತ್ತು. ನಾನು ಮಗುವನ್ನು ಒರೆಸಿ ಸುತ್ತಿ ಈ ಕಡೆ ತಿರುಗುವಷ್ಟರಲ್ಲಿ ಲಾಂದ್ರದ ಬೆಳಕಿನಲ್ಲಿ ಮಂಚದ ಕೆಳಗೆ ಹೊಳೆಯುತ್ತಿರುವುದು ಕಂಡಿತು. ಇಂಜೆಕ್ಷನ್ ಬೀರುವಿನ ಹತ್ತಿರ ಓಡಿದೆ. ಬೀಗ. ಬೀಗದ ಕೈ ಎಲ್ಲಿ? ಸಂಜೆ ಡ್ಯೂಟಿಯ ಸಿಸ್ಟರ್ ಪರ್ಸಿನಲ್ಲಿ ಹಾಕಿಕೊಂಡು ಮನೆಗೆ ಹೋಗಿದ್ದಳು. ಚಾರ್ಜ್ ತೆಗೆದುಕೊಳ್ಳುವಾಗ ಇಬ್ಬರೂ ಬಾಗಿಲಲ್ಲಿ ನಿಂತು ಅವಳ ಹೊಸ ಸೀರೆಯ ವಿಷಯ ಮಾತಾಡಿದ್ದೆವು, ಬೀರುವಿನ ನೆನಪು ಇಬ್ಬರಿಗೂ ಬಂದಿರಲಿಲ್ಲ. ನಾನು ವರಾಂಡದ ಆ ತುದಿಯಿಂದ ಈ ತುದಿಗೆ ಓಡಾಡಿದೆ, ವಾಚ್‌ಮನ್‌ನನ್ನು ಕೂಗಿದೆ, ಯಾಕೆ ಅಂತ ಗೊತ್ತಿಲ್ಲದೆ ಅಡುಗೆ ಕೋಣೆಗೂ ಹೋಗಿಬಂದೆ. ಕೊನೆಗೆ ವಾಚ್‌ಮನ್ ಬಂದು ಕಬ್ಬಿಣದ ಸಲಾಕೆಯಿಂದ ಬೀಗ ಮುರಿದ.

ಇಂಜೆಕ್ಷನ್ ಹಿಡಿದುಕೊಂಡು ಒಳಗೆ ಬಂದರೆ ರಕ್ತ ಮುಕ್ಕಾಲು ಪಾಲು ಕಡಿಮೆಯಾಗಿತ್ತು. ನಮ್ಮ ಆಯಾ, ಹೆಬ್ಬೆಟ್ಟು ಒತ್ತಿ ಸಂಬಳ ತೆಗೆದುಕೊಳ್ಳುವ ಹೆಂಗಸು, ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಉಜ್ಜುತ್ತಾ ನಿಂತಿದ್ದಳು. ಬಾಯಲ್ಲಿ ಆ ಹುಡುಗಿಯನ್ನು ಅವಳ ಊರಿನ ಮಾತು ಕೇಳುತ್ತಿದ್ದಳು, ಎಷ್ಟು ದನ, ಯಾರು ಹಾಲು ಕರೆಯುತ್ತಾರೆ ಅಂತ. ನನ್ನನ್ನು ನೋಡಿ, "ಸಿಸ್ಟರಮ್ಮ, ನೀವು ಓಡಿ ಹೋದಿರಿ. ಯಾರಾದರೂ ಒಬ್ಬರು ಇಲ್ಲಿರಬೇಕಲ್ಲ" ಅಂದಳು. ಬೈಗುಳದ ಹಾಗೆ ಹೇಳಲಿಲ್ಲ, ಅಕ್ಕಿಗೆ ನೀರು ಎಷ್ಟಿಡಬೇಕು ಅಂತ ಹೇಳುವ ಹಾಗೆ ಹೇಳಿದಳು. ಆವತ್ತಿನಿಂದ ಇಲ್ಲಿಯವರೆಗೆ ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿದೆ.

ಆ ರಾತ್ರಿಯಿಂದ ಎರಡು ವಿಷಯ ಕಲಿತೆ. ಬಾಣಂತಿಯನ್ನು ಬಿಟ್ಟು ಓಡಬಾರದು, ಓಡಲಿಕ್ಕೆ ಬೇರೆಯವರನ್ನು ಕಳಿಸಬೇಕು, ನಮ್ಮ ಒಂದು ಕೈ ಅವಳ ಹೊಟ್ಟೆಯ ಮೇಲೇ ಇರಬೇಕು. ಗರ್ಭಕೋಶ ಕ್ರಿಕೆಟ್ ಚೆಂಡಿನ ಹಾಗೆ ಗಟ್ಟಿಯಾಗಿದೆಯೋ, ಕಲಸಿದ ಹಿಟ್ಟಿನ ಹಾಗೆ ಮೆತ್ತಗಿದೆಯೋ ಅನ್ನುವುದನ್ನು ಆ ಕೈ ಹೇಳುತ್ತದೆ, ನಡುಗುವ ಕೈಯೂ ಹೇಳುತ್ತದೆ. ಎರಡನೆಯದು, ನನ್ನ ಧೈರ್ಯ ಆ ರಾತ್ರಿ ಕೆಟ್ಟದ್ದು ರಕ್ತ ನೋಡಿದಾಗಲ್ಲ, ಸಂಜೆ ಎಂಟು ಗಂಟೆಗೆ ಸೀರೆಯ ಮಾತಾಡಿದಾಗಲೇ ಕೆಟ್ಟಿತ್ತು.

ಅದಕ್ಕೇ ಹೇಳುತ್ತೇನೆ, ಚಾರ್ಜ್ ತೆಗೆದುಕೊಳ್ಳುವ ಕಾಲು ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡ. ಎಲ್ಲ ಸಾಮಾನನ್ನೂ ಕೈಯಲ್ಲಿ ಮುಟ್ಟು, ಕಣ್ಣಲ್ಲಿ ನೋಡಿದರೆ ಸಾಲದು. ಆಂಬು ಬ್ಯಾಗಿನ ಬಾಯನ್ನು ಅಂಗೈಗೆ ಒತ್ತಿ ಅಮುಕಿ ನೋಡು, ಗಾಳಿ ಸೋರುತ್ತದೆಯೇ ಗೊತ್ತಾಗುತ್ತದೆ. ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಅದು ಬೇಕು, ಆಗ ಮಾಸ್ಕ್ ಹುಡುಕುತ್ತಾ ಕೂರಲಿಕ್ಕಾಗುವುದಿಲ್ಲ. ಸಕ್ಷನ್ ಒಂದು ಸಲ ಓಡಿಸು. ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ಸಿಲಿಂಡರಿಗೇ ಕಟ್ಟಿದೆಯೇ ನೋಡು. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು, ಫ್ರಿಜ್ಜಿನಲ್ಲಿ ಎಷ್ಟು ಆಂಪೂಲಿದೆ ಎಣಿಸು, ನಡುವೆ ಕರೆಂಟು ಎಷ್ಟು ಹೊತ್ತು ಹೋಗಿತ್ತು ಕೇಳು. ಟಾರ್ಚ್ ಹಾಕಿ ಆರಿಸು. ನನ್ನ ಈ ಸುತ್ತಾಟಕ್ಕೆ ವಾರ್ಡಿನವರು "ಸಿಸ್ಟರ್ ಪ್ರದಕ್ಷಿಣೆ ಶುರುವಾಯಿತು" ಅಂತ ನಗುತ್ತಿದ್ದರು. ನಗಲಿ, ಪ್ರದಕ್ಷಿಣೆ ಬಂದವರಿಗೆ ಗರ್ಭಗುಡಿಯ ಬಾಗಿಲು ಯಾವ ಕಡೆ ಅಂತ ಕತ್ತಲೆಯಲ್ಲೂ ಗೊತ್ತಿರುತ್ತದೆ.

ಹಾಗೇ, ತುರ್ತಿನಲ್ಲಿ ಲೆಕ್ಕ ಮಾಡುವ ಪರಿಸ್ಥಿತಿ ತಂದುಕೊಳ್ಳಬೇಡ. ಬಸುರಿಗೆ ಫಿಟ್ಸ್ ಬಂದು ಮಂಚ ಅಲುಗಾಡುತ್ತಿರುವಾಗ ಮೆಗ್ನೀಷಿಯಂ ಸಲ್ಫೇಟ್ ಎಷ್ಟು ಮಿಲಿ ಅಂತ ಗುಣಾಕಾರ ಮಾಡಲಿಕ್ಕೆ ರಾಮಾನುಜನ್ ಬಂದರೂ ತಡವರಿಸುತ್ತಾರೆ. 50 ಪರ್ಸೆಂಟಿನ 2 ಮಿಲಿ ಆಂಪೂಲಿನಲ್ಲಿ ಇರುವುದು 1 ಗ್ರಾಂ. ಸೊಂಟದ ಒಂದೊಂದು ಕಡೆಗೆ 5 ಗ್ರಾಂ ಅಂದರೆ ಐದೈದು ಆಂಪೂಲ್. ನಾನು ಇದನ್ನು ಬೀರುವಿನ ಬಾಗಿಲ ಒಳಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ತಪಾಸಣೆಗೆ ಬಂದ ಒಬ್ಬರು, "ಸಿಸ್ಟರ್, ಇಷ್ಟು ಸರ್ವೀಸ್ ಆದಮೇಲೂ ಚೀಟಿ ಬೇಕಾ?" ಅಂದರು. ಬೇಕು ಸರ್ ಅಂದೆ.

ಚೀಟಿ ನೋಡುವುದು ಅವಮಾನ ಅನ್ನುವ ಭಾವನೆ ನಮ್ಮಲ್ಲಿ ಬಹಳ ಆಳಕ್ಕಿದೆ. ವಿಮಾನ ಹಾರಿಸುವವರಿಗೆ ಅದು 1935ರಲ್ಲೇ ಹೋಯಿತು. ಅಮೆರಿಕದ ಓಹಾಯೋದಲ್ಲಿ ಬೋಯಿಂಗ್ ಕಂಪನಿಯ ಹೊಸ ದೊಡ್ಡ ವಿಮಾನ ಪರೀಕ್ಷಾ ಹಾರಾಟದಲ್ಲೇ ಬಿತ್ತು. ಹಾರಿಸುತ್ತಿದ್ದವರು ಪಳಗಿದ ಪೈಲಟ್, ಬಾಲದ ಕಡೆ ಹಾಕಿದ್ದ ಲಾಕು ತೆಗೆಯಲಿಕ್ಕೆ ಮರೆತಿದ್ದರು, ಅಷ್ಟೇ. ಆಮೇಲೆ ಪೈಲಟ್‌ಗಳು ಹಾರುವ ಮುನ್ನ ಓದುವ ಪಟ್ಟಿ ಹುಟ್ಟಿಕೊಂಡಿತು. ನಮ್ಮ ಹೆರಿಗೆ ಕೋಣೆಗೆ ಅಂಥ ಪಟ್ಟಿ ಬರಲು ಮುಕ್ಕಾಲು ಶತಮಾನ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 29 ಅಂಶಗಳ ಹೆರಿಗೆ ಪಟ್ಟಿಯನ್ನು ಮೊದಮೊದಲು ಬಳಸಿ ನೋಡಿದ್ದು ನಮ್ಮ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲೇ, 2010ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಒಂದೊಂದು ಹೆರಿಗೆಯಲ್ಲಿ ಆ 29ರಲ್ಲಿ ಸರಾಸರಿ 10 ಕೆಲಸ ಆಗುತ್ತಿದ್ದವು, ಪಟ್ಟಿ ಬಂದಮೇಲೆ 25 ಆದವು. ಅದೇ ಸಿಸ್ಟರ್‌ಗಳು, ಅದೇ ಕೋಣೆ.

ಆದರೆ ಪಟ್ಟಿಯನ್ನೇ ತಾಯಿತ ಮಾಡಿಕೊಳ್ಳಬೇಡ. ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿಕೊಂಡು ಇದನ್ನೇ ದೊಡ್ಡದಾಗಿ ಪರೀಕ್ಷೆ ಮಾಡಿದರು, 2017ರಲ್ಲಿ ಫಲಿತಾಂಶ ಬಂತು. ಕೆಲಸಗಳು ಹೆಚ್ಚು ಸರಿಯಾಗಿ ಆದವು, ಸಾವಿನ ಪ್ರಮಾಣ ಮಾತ್ರ ಇಳಿಯಲಿಲ್ಲ. ಆಮೇಲೆ 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳಿಂದ, ಕೀನ್ಯಾ, ನೈಜೀರಿಯ, ತಾಂಜೇನಿಯ, ದಕ್ಷಿಣ ಆಫ್ರಿಕಗಳಿಂದ, ಬೇರೆ ಸುದ್ದಿ ಬಂತು. ಅಲ್ಲಿ ಬಾಣಂತಿಯ ಕೆಳಗೆ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ ಹಾಸಿ ರಕ್ತವನ್ನು ಅಳೆದರು. ಗೆರೆ ಮುಟ್ಟಿದ ಕೂಡಲೇ ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರು. ಮೊದಲೇ ಎಲ್ಲರೂ ಸೇರಿ ಅಭ್ಯಾಸವನ್ನೂ ಮಾಡಿದ್ದರು. ತೀವ್ರ ರಕ್ತಸ್ರಾವ, ಹೊಟ್ಟೆ ಕೊಯ್ಯುವ ಆಪರೇಷನ್, ಸಾವು, ಇವೆಲ್ಲ ಸೇರಿ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಬಂತು. ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಆ ಚೀಲ. ಗಾಬರಿಯಾದ ಕಣ್ಣು ಕೆಲವೊಮ್ಮೆ ಬೊಗಸೆಯನ್ನು ಕೊಡ ಮಾಡುತ್ತದೆ, ಹೆಚ್ಚಿನ ಸಲ ಕೊಡವನ್ನು ಬೊಗಸೆ ಮಾಡಿ "ಇಷ್ಟೇ ತಾನೆ" ಅನ್ನುತ್ತದೆ. ಅಳತೆ ಎದುರಿಗಿದ್ದರೆ ಎಷ್ಟು ಹೆದರಬೇಕೋ ಅಷ್ಟೇ ಹೆದರಬಹುದು.

ಇನ್ನು ಆ ಗಳಿಗೆಯಲ್ಲಿ ಏನು ಮಾಡಬೇಕು ಅನ್ನುವುದು. ನನಗೆ ಕೆಲಸ ಕಲಿಸಿದ ಕೇರಳದ ಕಡೆಯ ಹೆಡ್ ಸಿಸ್ಟರ್ ಒಬ್ಬರಿದ್ದರು. ಮಾಮೂಲಿ ದಿನ ಅವರ ಧ್ವನಿ ಗೇಟಿನವರೆಗೆ ಕೇಳುತ್ತಿತ್ತು, ಅನ್ನದಲ್ಲಿ ಕಲ್ಲು ಸಿಕ್ಕರೆ ಇಡೀ ಆಸ್ಪತ್ರೆಗೆ ಗೊತ್ತಾಗುತ್ತಿತ್ತು. ಕೇಸು ಕೆಟ್ಟಿತು ಅಂದಾಗ ಮಾತ್ರ ಅವರ ದನಿ ಇಳಿಯುತ್ತಿತ್ತು. ಅವರು ಮೆಲ್ಲಗೆ ಮಾತಾಡಿದರೆ ನಾವು ಹುಷಾರಾಗುತ್ತಿದ್ದೆವು. ದನಿ ತಗ್ಗಿಸಿದರೆ ಉಸಿರೂ ತಾನಾಗಿ ನಿಧಾನವಾಗುತ್ತದೆ, ಇದನ್ನು ನೀನೇ ಮಾಡಿ ನೋಡು. "ಯಾರಾದರೂ ಡ್ರಿಪ್ ತನ್ನಿ" ಅಂತ ಅವರು ಯಾವತ್ತೂ ಅನ್ನಲಿಲ್ಲ. ಯಾರಾದರೂ ಅಂದರೆ ಯಾರೂ ಹೋಗುವುದಿಲ್ಲ. ಹೆಸರು ಹಿಡಿದು, ಮುಖ ನೋಡಿ, ಒಬ್ಬರಿಗೆ ಒಂದೇ ಕೆಲಸ ಹೇಳುತ್ತಿದ್ದರು. ಕೇಳಿಸಿಕೊಂಡವರು ಅದನ್ನು ತಿರುಗಿ ಬಾಯಿಬಿಟ್ಟು ಹೇಳಲೇಬೇಕು. "ಎರಡು ಆಂಪೂಲ್ ಆಕ್ಸಿಟೋಸಿನ್." "ಎರಡು ಆಂಪೂಲ್ ಆಕ್ಸಿಟೋಸಿನ್, ಹತ್ತು ಯೂನಿಟ್." ಕೇಳುವವರಿಗೆ ಗಿಳಿಪಾಠ. ಬಿಪಿ ಏರಿದವರಿಗೆ ಕೊಡಬಾರದ ಮೆಥರ್ಜಿನ್ ಕೈಗೆ ಸಿಕ್ಕು, ಅಂಥ ಬಾಣಂತಿಗೆ ಅದನ್ನು ಕೊಡುವುದರೊಳಗೆ ತಡೆದು ನಿಲ್ಲಿಸಿದ್ದು ಒಂದು ಸಲ ಈ ಗಿಳಿಪಾಠವೇ.

ಆಂಪೂಲ್ ಒಡೆಯುವ ಮೊದಲು ಒಂದು ಉಸಿರು ಪೂರ್ತಿ ಹೊರಗೆ ಬಿಡು. ಎಳೆದುಕೊಳ್ಳುವುದನ್ನು ದೇಹ ತಾನೇ ನೋಡಿಕೊಳ್ಳುತ್ತದೆ, ಬಿಡುವುದನ್ನು ಮಾತ್ರ ಗಾಬರಿಯಲ್ಲಿ ಮರೆಯುತ್ತದೆ. ಕತ್ತಿನ ಚುಕ್ಕೆ ನಿನ್ನ ಕಡೆ ಇರಲಿ, ಸುತ್ತ ಗಾಜ್ ಹಿಡಿ, ಆಚೆ ಕಡೆಗೆ ಮುರಿ. ಅವಧಿ ಮುಗಿದು ಬಿಸಾಡಲಿಕ್ಕಿಟ್ಟ ಆಂಪೂಲುಗಳಿದ್ದರೆ ಇನ್‌ಚಾರ್ಜ್ ಸಿಸ್ಟರನ್ನು ಕೇಳಿ ತೆಗೆದುಕೊಂಡು ನಲವತ್ತು ಐವತ್ತು ಒಡೆದು ಅಭ್ಯಾಸ ಮಾಡು, ಲೈಟ್ ಆರಿಸಿಯೂ ಮಾಡು. ನೀನು ಆ ರಾತ್ರಿ ತಡವರಿಸಿದ್ದಕ್ಕೆ ನಿನ್ನ ಮನಸ್ಸಿನ ದೌರ್ಬಲ್ಯ ಹುಡುಕುತ್ತಾ ಕೂತಿದ್ದೀಯ. ನನ್ನನ್ನು ಕೇಳಿದರೆ ನೀನು ಒಡೆದ ಆಂಪೂಲುಗಳ ಸಂಖ್ಯೆ ಕಡಿಮೆ, ಅಷ್ಟೇ.

ಗಡಿಯಾರ ನೋಡುವುದನ್ನು ರೂಢಿಸಿಕೋ. ಗಾಬರಿಯಲ್ಲಿ ಅರ್ಧ ನಿಮಿಷ ಹತ್ತು ನಿಮಿಷದ ಹಾಗೆ ಎಳೆಯುತ್ತದೆ, ಕೆಲವೊಮ್ಮೆ ಅರ್ಧ ಗಂಟೆ ಗೊತ್ತಾಗದೆ ಜಾರಿಹೋಗುತ್ತದೆ. ಮಗು ಹುಟ್ಟಿದ ಸಮಯವನ್ನು ಜೋರಾಗಿ ಹೇಳಿ ಬರೆಸು. ಟ್ರಾನೆಕ್ಸಾಮಿಕ್ ಆಸಿಡ್ ಕೆಲಸ ಮಾಡುವುದು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ, 21 ದೇಶಗಳ ಇಪ್ಪತ್ತು ಸಾವಿರ ಹೆಂಗಸರ ಮೇಲೆ ನಡೆದ ಪರೀಕ್ಷೆ 2017ರಲ್ಲಿ ಅದನ್ನು ತೋರಿಸಿತು. ಅಂದಾಜಿನ ಮೇಲೆ ಮೂರು ಗಂಟೆ ಎಣಿಸಲಿಕ್ಕಾಗುತ್ತದೆಯೇ?

ಗಡಿಯಾರ ಅಂದಾಗ ನೆನಪಾಯಿತು. ಲ್ಯಾಬು ಮುಚ್ಚಿದ ರಾತ್ರಿಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆಯೇ ಅಂತ ನೋಡಲು ಎರಡು ಮಿಲಿ ರಕ್ತವನ್ನು ಸಣ್ಣ ಗಾಜಿನ ಟ್ಯೂಬಿನಲ್ಲಿ ತೆಗೆದು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದುಕೊಳ್ಳುತ್ತೇವೆ. ನಾಲ್ಕು ನಿಮಿಷವಾದಮೇಲೆ ಒಂದು ಸಲ ವಾಲಿಸಿ ನೋಡಬೇಕು, ಆಮೇಲೆ ನಿಮಿಷಕ್ಕೊಮ್ಮೆ. ಏಳು ನಿಮಿಷವಾದರೂ ಗಟ್ಟಿಯಾಗದಿದ್ದರೆ ಕಷ್ಟವಿದೆ ಅಂತ ಅರ್ಥ. ಹೊರಗೆ ಮನೆಯವರು ಬಾಗಿಲು ಬಡಿಯುತ್ತಿರುತ್ತಾರೆ, ಒಳಗೆ ಡಾಕ್ಟರು ಬೆವರುತ್ತಿರುತ್ತಾರೆ, ನೀನು ಯಾರದೋ ಮಗಳ ರಕ್ತವನ್ನು ಅಂಗೈಯಲ್ಲಿಟ್ಟುಕೊಂಡು ನಾಲ್ಕು ನಿಮಿಷ ಅಲುಗಾಡಿಸದೆ ನಿಂತಿರಬೇಕು. ನಾನು ದೇವಸ್ಥಾನದಲ್ಲೂ ಅಷ್ಟು ಹೊತ್ತು ಸುಮ್ಮನೆ ನಿಂತವಳಲ್ಲ.

ಡಾಕ್ಟರ ಬೈಗುಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರ ಕೈಯೂ ನಡುಗುತ್ತಿತ್ತು, ಅದು ಬಾಯಿಂದ ಹೊರಗೆ ಬಂತು. ಹಾಗಂತ ಅದು ಸರಿ ಅನ್ನುವುದಿಲ್ಲ. ಬೈಗುಳಕ್ಕೆ ಹೆದರಿ ಮುಂದಿನ ಸಲ ರಾತ್ರಿ ಎರಡು ಗಂಟೆಗೆ ಫೋನ್ ಮಾಡಲು ನೀನು ಹಿಂದೆಮುಂದೆ ನೋಡಿದರೆ ಆ ಬೈಗುಳ ಒಂದು ಜೀವ ತೆಗೆದುಕೊಂಡ ಹಾಗೆ. ಅನುಮಾನ ಬಂದ ಕೂಡಲೇ ಕರೆ. ಬಂದು ನೋಡಿ "ಏನೂ ಇಲ್ಲ, ಇದಕ್ಕೆ ಎಬ್ಬಿಸಿದೆಯಾ" ಅಂದರೆ, ಸದ್ಯ ಏನೂ ಇಲ್ಲವಲ್ಲ ಅಂತ ಮನಸ್ಸಿನಲ್ಲೇ ಕೈಮುಗಿ. ನನ್ನ ಸರ್ವೀಸಿನಲ್ಲಿ ಸುಮ್ಮಸುಮ್ಮನೆ ಎಬ್ಬಿಸಿದೆ ಅಂತ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಯಾಕೆ ಎಬ್ಬಿಸಲಿಲ್ಲ ಅಂತ ಕೇಳಿಸಿಕೊಂಡದ್ದು ಒಂದೇ ಸಲ, ಅದನ್ನು ಇಲ್ಲಿ ಬರೆಯಲಾರೆ.

ಬಾಗಿಲ ಹೊರಗಿನ ಜನರಲ್ಲಿ ಒಬ್ಬರನ್ನು ಆರಿಸಿಕೋ, ಸಾಮಾನ್ಯವಾಗಿ ಹುಡುಗಿಯ ಅಮ್ಮ ಅಥವಾ ಅತ್ತೆ. ಅವರೊಬ್ಬರಿಗೆ ನಿಂತು, ಕಣ್ಣು ನೋಡಿ ಹೇಳು: ರಕ್ತ ಹೆಚ್ಚು ಹೋಗುತ್ತಿದೆ, ಔಷಧಿ ಕೊಟ್ಟಿದ್ದೇವೆ, ಡಾಕ್ಟರು ಇದ್ದಾರೆ, ಇನ್ನು ಹತ್ತು ನಿಮಿಷಕ್ಕೆ ಮತ್ತೆ ಬಂದು ಹೇಳುತ್ತೇನೆ. ಹತ್ತು ನಿಮಿಷಕ್ಕೆ ಹೇಳಲು ಏನೂ ಇಲ್ಲದಿದ್ದರೂ ಹೋಗಿ ಮುಖ ತೋರಿಸು. ಗಲಾಟೆಗಳು ಹೆಚ್ಚಾಗಿ ಹುಟ್ಟುವುದು ಮುಚ್ಚಿದ ಬಾಗಿಲಿನಿಂದ.

ನಿನಗೆ ಕ್ರಿಕೆಟ್ ಹುಚ್ಚು, ಅದಕ್ಕೆ ಇದೊಂದು. 1996ರ ಅಕ್ಟೋಬರ್ 21, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ, ಟೈಟನ್ ಕಪ್, ಎದುರಿಗೆ ಆಸ್ಟ್ರೇಲಿಯ. ಬೇಕಾದದ್ದು 216. ಸಚಿನ್ 88 ಹೊಡೆದು ಔಟಾಗಿ, 164ಕ್ಕೆ ಎಂಟು ವಿಕೆಟ್ ಬಿದ್ದಾಗ ನಮ್ಮ ವಾರ್ಡಿನಲ್ಲಿ ರೇಡಿಯೋ ಹಿಡಿದಿದ್ದ ಅಟೆಂಡರ್ ಅದನ್ನು ಆರಿಸಿ ಊಟಕ್ಕೆ ಹೋದ. ಕ್ರೀಸಿನಲ್ಲಿ ಉಳಿದವರು ನಮ್ಮ ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ, ಇಬ್ಬರೂ ಬೌಲರುಗಳು. ಇಬ್ಬರ ಮನೆಯವರೂ ಸ್ಟೇಡಿಯಮ್ಮಿನಲ್ಲೇ ಕೂತಿದ್ದರು. ಆಮೇಲೆ ಟೀವಿಯಲ್ಲಿ ಆ ಮನೆಯವರ ಮುಖ ನೋಡಿದಾಗ ನನಗೆ ಹೆರಿಗೆ ಕೋಣೆಯ ಹೊರಗಿನ ಬೆಂಚಿನ ನೆನಪೇ ಬಂತು. 52 ರನ್ ಅವರಿಬ್ಬರೇ ಸೇರಿಸಿ ಗೆಲ್ಲಿಸಿದರು. ಅಟೆಂಡರ್ ಕೈತೊಳೆದುಕೊಂಡು ಬಂದು ಸುದ್ದಿ ಕೇಳಿ, ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಅವರಿಬ್ಬರ ಮನಸ್ಸಿನಲ್ಲಿ ಆಗ ಏನಿತ್ತೋ ನಾನು ಹೇಗೆ ಹೇಳಲಿ. ನನಗೆ ಹಿಡಿಸಿದ್ದು, ಒಬ್ಬೊಬ್ಬರೇ ಆಡಲಿಲ್ಲ ಅನ್ನುವುದು. ನಿನ್ನ ಡ್ಯೂಟಿಯಲ್ಲಿ ನಿನ್ನ ಜೊತೆಗೆ ಇರುವ ಆಯಾಳ ಹೆಸರೇನು ಅಂತ ಮೊನ್ನೆ ಕೇಳಿದಾಗ ನಿನಗೆ ತಟ್ಟನೆ ಹೇಳಲಾಗಲಿಲ್ಲ. ಅದರಿಂದ ನನಗೆ ನಿನ್ನ ಕೈ ನಡುಕಕ್ಕಿಂತ ಹೆಚ್ಚು ಬೇಜಾರಾಯಿತು.

ಎಲ್ಲ ಮುಗಿದಮೇಲೆ, ಬಾಣಂತಿಯ ನಾಡಿ ಸರಿಹೋದಮೇಲೆ, ನಿನ್ನ ಕಾಲಲ್ಲಿ ಶಕ್ತಿ ಹೋಗುತ್ತದೆ. ಕುಳಿತುಕೋ. ಸಕ್ಕರೆ ಹಾಕಿದ ಚಹಾ ಕುಡಿ. ಅತ್ತರೂ ಅಡ್ಡಿಯಿಲ್ಲ. ಆಮೇಲೆ ಕೇಸ್‌ಶೀಟ್ ಬರೆ, ಯಾವ ಹೊತ್ತಿಗೆ ಏನು ಕೊಟ್ಟೆ ಅಂತ ನಿಮಿಷ ಸಮೇತ. ಬರೆಯುವಾಗ ಗಮನಿಸು, ಮನಸ್ಸಿನಲ್ಲಿ ಗಂಟೆಗಟ್ಟಲೆ ನಿಂತೇಬಿಟ್ಟೆ ಅಂತ ಕಾಣುವುದು ಕಾಗದದ ಮೇಲೆ ಎಷ್ಟು ನಿಮಿಷಕ್ಕೆ ಇಳಿಯುತ್ತದೆ ಅಂತ. ಜೊತೆಯಲ್ಲಿದ್ದವರನ್ನೆಲ್ಲ ಐದು ನಿಮಿಷ ಕೂರಿಸಿ ಯಾವುದು ಸಿಗಲಿಲ್ಲ, ಯಾವುದು ತಡವಾಯಿತು ಕೇಳು. ಯಾರ ತಪ್ಪು ಅಂತ ಕೇಳಬೇಡ, ಆಗ ಯಾರೂ ನಿಜ ಹೇಳುವುದಿಲ್ಲ. ಹಾಗೇ ಖಾಲಿ ಹೊಟ್ಟೆಯಲ್ಲಿ ಡ್ಯೂಟಿಗೆ ಹೋಗುವ ಚಾಳಿ ಬಿಡು, ನಿನ್ನ ಅಮ್ಮ ನನಗೆ ಎಲ್ಲ ಹೇಳಿದ್ದಾಳೆ.

ಮುಂದಿನ ವಾರವೂ ನೈಟ್ ಡ್ಯೂಟಿ ಅಂದೆಯಲ್ಲ. ಎಂಟಕ್ಕೆ ಅಂದರೆ ಏಳೂಮುಕ್ಕಾಲಿಗೇ ಹೋಗು. ಆಯಾಳ ಹೆಸರು ಕೇಳು, ಊಟವಾಯಿತಾ ಕೇಳು. ಆಮೇಲೆ ಇನ್ನೇನೂ ನೋಡುವ ಮೊದಲು ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ ಇಸಕೋ.

ನಿನ್ನ ದೊಡ್ಡಮ್ಮ